ಐದು ದಿನ ಕಾಯುವ ಅಂಚೆ

ಆ ಶನಿವಾರ ಬೆಳಿಗ್ಗೆ ಎಂಟಕ್ಕೇ ಫೋನ್. 'ಏನಯ್ಯಾ, ಅಂಗಡಿ ಮುಚ್ಚಿಬಿಟ್ಟಿರೋ ಹೇಗೆ?' ನಮ್ಮ ಪುಟ್ಟ ಪ್ರಕಾಶನಕ್ಕೆ ಪುಸ್ತಕ ಕೊಟ್ಟಿದ್ದ ಹಿರಿಯ ಲೇಖಕರು. ನಿವೃತ್ತ ಮೇಷ್ಟ್ರು, ತಾವು ಪಾಠ ಮಾಡಿದ ವಿಶ್ವವಿದ್ಯಾಲಯದ ಮೇಲ್ ವಿಳಾಸವನ್ನು ಇವತ್ತಿಗೂ ಬಿಟ್ಟಿಲ್ಲ. ಹಿಂದಿನ ಸಂಜೆ ಮೂರನೇ ಪ್ರೂಫ್ ತಿದ್ದಿ ಕಳಿಸಿದ್ದರು. ರಾತ್ರಿ ಮಲಗುವ ಹೊತ್ತಿಗೆ ಯಾವುದೋ ಯಂತ್ರ ಇಂಗ್ಲಿಷಿನಲ್ಲಿ ಉದ್ದನೆಯ ಉತ್ತರ ಬರೆದಿತ್ತು. ಓದಿ ಸಾರ್ ಎಂದೆ. ನಾಲ್ಕು ಗಂಟೆಯಿಂದ ಪತ್ರ ತಲುಪಿಸಲು ಆಗಿಲ್ಲ, ಪ್ರಯತ್ನ ನಡೆದಿದೆ, ಇದು ಎಚ್ಚರಿಕೆ ಮಾತ್ರ, ನೀವು ಮತ್ತೆ ಕಳಿಸಬೇಕಾಗಿಲ್ಲ ಎಂದು ದಪ್ಪಕ್ಷರದಲ್ಲಿ ಇತ್ತಂತೆ. 'ಮತ್ತೆ ಕಳಿಸಬೇಡಿ ಅಂತಲೇ ಇದೆಯಲ್ಲ ಸಾರ್.' 'ಅದನ್ನ ಈಗ ಓದಿದ್ದು. ಅಷ್ಟೊತ್ತಿಗೆ ಇನ್ನೂ ನಾಲ್ಕು ಸಲ ಕಳಿಸಿಯಾಗಿತ್ತು.'

ನಮ್ಮ ಮೇಲ್ ಇದ್ದದ್ದು ವೆಬ್‌ಸೈಟ್ ಜೊತೆಗೆ ಪುಕ್ಕಟೆ ಬಂದ ಜಾಗದಲ್ಲಿ. ನೂರಾರು ಅಂಗಡಿ, ಮಠ, ಕಲ್ಯಾಣಮಂಟಪಗಳ ಸೈಟುಗಳ ನಡುವೆ ನಮ್ಮದೂ ಒಂದು ಮೂಲೆ. ಶುಕ್ರವಾರ ಸಂಜೆ ಸರ್ವರ್ ಮಲಗಿತು. ಹೋಸ್ಟಿಂಗ್‌ನವರ ಸಹಾಯವಾಣಿ ದೂರಿಗೊಂದು ನಂಬರ್ ಕೊಟ್ಟು ಸುಮ್ಮನಾಯಿತು. ಭಾನುವಾರ ರಾತ್ರಿ ಹನ್ನೊಂದೂವರೆಗೆ, ಯಾರೂ ಕೇಳದೆ, ಅದು ತಾನಾಗಿ ಎದ್ದು ಕೂತಿತು. ಹತ್ತು ನಿಮಿಷದಲ್ಲಿ ನನ್ನ ಫೋನು ಮೇಜಿನ ಮೇಲೆ ನಡುಗತೊಡಗಿತು. ಕಾಗದದ ಅಂಗಡಿಯ ಬಿಲ್ಲು, ಗ್ರಂಥಾಲಯದ ಆರ್ಡರು, ಯಾರದೋ ಮದುವೆಯ ಆಮಂತ್ರಣ, ಆಮೇಲೆ ಮೇಷ್ಟ್ರ ಪ್ರೂಫು ಒಂದರ ಹಿಂದೊಂದು ಐದು ಪ್ರತಿ. ಬೆಳಗಿನ ಜಾವದವರೆಗೂ ಬರುತ್ತಲೇ ಇದ್ದವು. ಗೊತ್ತಿದ್ದ ಮಟ್ಟಿಗೆ ಒಂದು ಪತ್ರವೂ ಕಳೆದಿರಲಿಲ್ಲ.

ಎರಡು ದಿನ ಇವೆಲ್ಲ ಎಲ್ಲಿದ್ದವು? ನಮ್ಮ ಸರ್ವರಿನಲ್ಲಂತೂ ಅಲ್ಲ, ಅದು ಸತ್ತಿತ್ತು. ಕಳಿಸಿದವರ ಕಡೆಯ ಯಂತ್ರಗಳಲ್ಲಿ, ಸರದಿಯಲ್ಲಿ ನಿಂತು ಕಾಯುತ್ತಿದ್ದವು. ಒಂದೊಂದು ಯಂತ್ರವೂ ತನ್ನ ಲೆಕ್ಕದಲ್ಲಿ ಆಗಾಗ ಬಂದು ನಮ್ಮ ಬಾಗಿಲು ತಟ್ಟಿ ವಾಪಸ್ ಹೋಗುತ್ತಿತ್ತು. ರಾತ್ರಿಯಿಡೀ ಬಿಡಿಬಿಡಿಯಾಗಿ ಬಂದದ್ದು ಅದಕ್ಕೇ. ಈ ತಾಳ್ಮೆಯನ್ನು ಯಂತ್ರಗಳಿಗೆ ಕಲಿಸಿದ್ದು ಯಾರು ಎಂದು ಹುಡುಕುತ್ತ ಹೋದಾಗ ಸಿಕ್ಕ ಕಥೆ ಇದು.

ಕನ್ನಡದಲ್ಲಿ ಇ-ಮೇಲ್‌ಗೆ ಮಿಂಚಂಚೆ ಎಂಬ ಚೆಂದದ ಹೆಸರಿದೆ. ಅದರ ಮಿಂಚಿಗೆ ನಾವೆಲ್ಲ ಮರುಳಾದೆವು. ಕಟ್ಟಿದವರ ತಲೆಯಲ್ಲಿ ಇದ್ದದ್ದು ಮಾತ್ರ ಅಂಚೆ, ಅದೂ ನಿಧಾನದ ಅಂಚೆ. 1971ರಲ್ಲಿ ರೇ ಟಾಮ್ಲಿನ್ಸನ್ ಇಂಟರ್ನೆಟ್ಟಿನ ಪೂರ್ವಜ ಅರ್ಪಾನೆಟ್ ಮೂಲಕ ಮೊದಲ ಮೇಲ್ ಕಳಿಸಿದಾಗ ಎರಡೂ ಕಂಪ್ಯೂಟರು ಒಂದೇ ಕಡೆ ಅಕ್ಕಪಕ್ಕದಲ್ಲಿದ್ದವು, ಕಾಯುವ ಪ್ರಶ್ನೆಯೇ ಇರಲಿಲ್ಲ. ಪ್ರಶ್ನೆ ಎದ್ದದ್ದು ಅರ್ಪಾನೆಟ್‌ನ ಭಾಗ್ಯವಿಲ್ಲದವರಿಗೆ. ಎಪ್ಪತ್ತರ ದಶಕದ ಕೊನೆಗೆ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಯುಯುಸಿಪಿ ಎಂಬ ವ್ಯವಸ್ಥೆಯಲ್ಲಿ ಒಂದು ಕಂಪ್ಯೂಟರು ಇನ್ನೊಂದಕ್ಕೆ ಮಾಮೂಲಿ ಟೆಲಿಫೋನಿನಲ್ಲೇ ಕರೆ ಮಾಡುತ್ತಿತ್ತು. ಹಗಲು ಕರೆಗೆ ದುಡ್ಡು ಜಾಸ್ತಿ, ಆದ್ದರಿಂದ ರಾತ್ರಿ. ಸಂಜೆಯವರೆಗೆ ಸೇರಿದ ಪತ್ರಗಳನ್ನೆಲ್ಲ ಮುಂದಿನ ಯಂತ್ರಕ್ಕೆ ದಾಟಿಸುವುದು, ಅದು ತನ್ನ ಮುಂದಿನದಕ್ಕೆ. ಯಾವ ಯಾವ ಯಂತ್ರ ಹಾದು ಹೋಗಬೇಕೆಂದು ಬರೆಯುವವನೇ ವಿಳಾಸದಲ್ಲಿ ಸಾಲಾಗಿ ಹೆಸರಿಸಿ, ನಡುನಡುವೆ ಆಶ್ಚರ್ಯಸೂಚಕ ಚಿಹ್ನೆ ಹಾಕಬೇಕಿತ್ತು. ನಮ್ಮ ಕಡೆ ಕಂಡಕ್ಟರ್ ಕೈಗೆ ಕವರ್ ಕೊಟ್ಟು, 'ಬಸ್‌ಸ್ಟ್ಯಾಂಡಿನ ಹೂವಿನ ಅಂಗಡೀಲಿ ಕೊಡಿ, ಅವರು ಹಾಲಿನ ವ್ಯಾನಿಗೆ ಕೊಡ್ತಾರೆ' ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಹಾಗೆ.

ಭಾರತಕ್ಕೂ ಮೇಲ್ ಬಂದದ್ದು ಇದೇ ದಾರಿಯಲ್ಲಿ. 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ನೆರವಿನಿಂದ ಅರ್ನೆಟ್ ಎಂಬ ಶಿಕ್ಷಣ-ಸಂಶೋಧನೆಯ ಜಾಲ ಆರಂಭಿಸಿತು. ಅದರಲ್ಲಿದ್ದದ್ದು ಐದು ಐಐಟಿಗಳು, ಮುಂಬೈಯ ಸಾಫ್ಟ್‌ವೇರ್ ಸಂಸ್ಥೆ ಎನ್‌ಸಿಎಸ್‌ಟಿ, ದೆಹಲಿಯ ಇಲಾಖೆ ಮತ್ತು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಫೋನ್ ಕರೆಯ ಮೇಲೆ ಓಡುತ್ತಿದ್ದ ಪತ್ರಗಳು ಮುಂಬೈಯಲ್ಲಿ ಒಟ್ಟುಗೂಡಿ ಅಮೆರಿಕದ ಜಾಲ ಯುಯುನೆಟ್‌ಗೆ ದಾಟುತ್ತಿದ್ದವು. ಆ ಕಾಲದ ಟ್ರಂಕ್ ಕರೆಯ ನೆನಪಿದ್ದವರಿಗೆ ಹೇಳಬೇಕಿಲ್ಲ: ಲೈನು ಸಿಗದಿರುವುದೇ ಮಾಮೂಲು, ಸಿಕ್ಕರೆ ವಿಶೇಷ. ಕೆಡುವುದನ್ನು ಲೆಕ್ಕಕ್ಕೆ ಹಿಡಿದೇ ಕಟ್ಟಿದ ವ್ಯವಸ್ಥೆಗೆ ನಮ್ಮ ದೇಶ ಹೇಳಿ ಮಾಡಿಸಿದಂತಿತ್ತು.

ಇವತ್ತಿಗೂ ನಡೆಯುತ್ತಿರುವ ನಿಯಮ ಬಂದದ್ದು 1982ರ ಆಗಸ್ಟಿನಲ್ಲಿ. ಜಾನ್ ಪೋಸ್ಟೆಲ್ ಬರೆದ ಎಸ್‌ಎಮ್‌ಟಿಪಿ. ಮೇಲ್ ಸರ್ವರುಗಳು ತಮ್ಮತಮ್ಮಲ್ಲಿ ಆಡುವ ಮಾತನ್ನು ಪರದೆಯ ಮೇಲೆ ನೋಡಿದರೆ ನಗು ಬರುತ್ತದೆ. ಬಂದ ಯಂತ್ರ ನಿಜಕ್ಕೂ 'ಹೆಲೋ' ಎನ್ನುತ್ತದೆ, ಇಂಗ್ಲಿಷಿನಲ್ಲಿ ಒಂದು ಅಕ್ಷರ ಉಳಿಸಿ. ಇಂಥವರಿಂದ ಇಂಥವರಿಗೆ ಪತ್ರವಿದೆ ಎನ್ನುತ್ತದೆ. ಮನೆಯಾತ ಅಂಕಿಯಲ್ಲಿ ಉತ್ತರಿಸುತ್ತಾನೆ. 250 ಎಂದರೆ ಸರಿ, ಕೊಡು. 451 ಎಂದರೆ ಈಗ ಆಗುವುದಿಲ್ಲ, ಆಮೇಲೆ ಬಾ. 550 ಎಂದರೆ ಅಂಥವರು ಇಲ್ಲಿಲ್ಲ, ಹೋಗು.

ಮೇಲ್ ವ್ಯವಸ್ಥೆಯ ಜೀವ ಇರುವುದು ಈ ನಾಲ್ಕು ಮತ್ತು ಐದರ ನಡುವಿನ ವ್ಯತ್ಯಾಸದಲ್ಲಿ ಎಂದು ನನಗನ್ನಿಸುತ್ತದೆ. ನಾಲ್ಕರಿಂದ ಶುರುವಾಗುವ ಉತ್ತರ ಬಂದರೆ, ಅಥವಾ ಬಾಗಿಲೇ ತೆರೆಯದಿದ್ದರೆ, ಪತ್ರ ಸರದಿಗೆ ಮರಳುತ್ತದೆ. ಐದರಿಂದ ಶುರುವಾದರೆ ಅಲ್ಲಿಗೆ ಮುಗಿಯಿತು, ಕಳಿಸಿದವರಿಗೇ ವಾಪಸ್. ಎಷ್ಟು ದಿನ ಕಾಯಬೇಕು? ನಾಲ್ಕೈದು ದಿನವಾದರೂ ಬಿಡಬೇಡ ಎಂದು 1989ರ ನಿಯಮಾವಳಿ ಹೇಳಿತು, 2008ರದ್ದು ಅದನ್ನೇ ಉಳಿಸಿಕೊಂಡಿತು. ಸೆಂಡ್‌ಮೇಲ್, ಪೋಸ್ಟ್‌ಫಿಕ್ಸ್‌ನಂಥ ತಂತ್ರಾಂಶಗಳು ಐದು ದಿನವನ್ನೇ ರೂಢಿ ಮಾಡಿಕೊಂಡಿವೆ.

ನಡುವೆ 1986ರ ಜನವರಿಯಲ್ಲಿ ಇನ್ನೊಂದು ಸಣ್ಣ ಏರ್ಪಾಡು ಸೇರಿಕೊಂಡಿತು. ಎಮ್‌ಎಕ್ಸ್ ದಾಖಲೆ ಎನ್ನುತ್ತಾರೆ. ನಿಮ್ಮ ಹೆಸರಿನ ಪತ್ರಗಳನ್ನು ಯಾವ ಸರ್ವರು ಸ್ವೀಕರಿಸುತ್ತದೆ ಎಂದು ಡೊಮೇನ್ ಹೆಸರಿನ ಪಟ್ಟಿಯಲ್ಲಿ ಬರೆದಿಡುವ ಒಂದು ಸಾಲು. ವಿಳಾಸ ಬೇರೆ, ಮನೆ ಬೇರೆ ಆದದ್ದು ಆವಾಗ. ಮನೆ ಬದಲಾಯಿಸಿ ಆ ಸಾಲು ತಿದ್ದಿದರೆ ಸಾಕು, ಬರೆಯುವವರಿಗೆ ಗೊತ್ತೇ ಆಗುವುದಿಲ್ಲ.

ಆಮೇಲೆ ಬಂದದ್ದು ಪುಕ್ಕಟೆಯ ಕಾಲ. ಬೆಂಗಳೂರಿನಲ್ಲಿ ಓದಿ ಬೆಳೆದ ಸಬೀರ್ ಭಾಟಿಯಾ, ಜ್ಯಾಕ್ ಸ್ಮಿತ್ ಜೊತೆ ಸೇರಿ 1996ರ ಜುಲೈ 4ರಂದು ಹಾಟ್‌ಮೇಲ್ ತೆರೆದರು. ಮುಂದಿನ ವರ್ಷದ ಕೊನೆಗೆ ಮೈಕ್ರೋಸಾಫ್ಟ್ ಕೊಂಡಿತು. ಕೋಟಿಗಟ್ಟಲೆ ಜನರ ಪೆಟ್ಟಿಗೆ ಒಂದೇ ಮನೆಯಲ್ಲಿ. ಆ ಮನೆಗೇ ಏನಾದರೂ ಆದರೆ? 1999ರ ಕ್ರಿಸ್‌ಮಸ್ ಹಿಂದಿನ ದಿನ ಆಯಿತು. ಹಾಟ್‌ಮೇಲ್‌ಗೆ ಲಾಗಿನ್ ಆಗಲು ಬೇಕಿದ್ದ ಪಾಸ್‌ಪೋರ್ಟ್ ಡಾಟ್ ಕಾಮ್ ಹೆಸರಿನ ಬಾಡಿಗೆ ಕಟ್ಟಲು ಕಂಪನಿ ಮರೆತಿತ್ತು. ಹಲವರಿಗೆ ಪೆಟ್ಟಿಗೆ ತೆರೆಯಲಾಗಲಿಲ್ಲ. ಕಾರಣ ಪತ್ತೆಹಚ್ಚಿದ ಅಮೆರಿಕದ ಒಬ್ಬ ಪ್ರೋಗ್ರಾಮರ್, ಲಿನಕ್ಸ್ ಅಭಿಮಾನಿ ಬೇರೆ, ತನ್ನ ಕಾರ್ಡಿನಿಂದ 35 ಡಾಲರ್ ಕಟ್ಟಿದ; ಸರಿಹೋಯಿತು. ಜಗತ್ತಿನ ಅತಿದೊಡ್ಡ ಸಾಫ್ಟ್‌ವೇರ್ ಕಂಪನಿಯ ಬಾಕಿಯನ್ನು ದಾರಿಹೋಕ ತೀರಿಸಿದ.

ಜಿಮೇಲ್‌ನ ಎರಡು ಪ್ರಸಂಗಗಳು ಇನ್ನೂ ಪಾಠದಂತಿವೆ. 2011ರ ಫೆಬ್ರವರಿ ಕೊನೆಗೆ ಕೆಲವರು ಪೆಟ್ಟಿಗೆ ತೆರೆದರೆ ಒಳಗೆ ಖಾಲಿ. ಶೇಕಡಾ 0.02ರಷ್ಟು ಮಂದಿ ಎಂದು ಗೂಗಲ್ ಲೆಕ್ಕ ಕೊಟ್ಟಿತು. ಪತ್ರಗಳ ಹಲವು ಪ್ರತಿಗಳು ಬೇರೆ ಬೇರೆ ಕಡೆ ಇದ್ದವು, ನಿಜ. ಆದರೆ ತಂತ್ರಾಂಶದ ಹೊಸ ಆವೃತ್ತಿಯಲ್ಲಿದ್ದ ದೋಷ ಆ ಪ್ರತಿಗಳನ್ನೂ ಮುಟ್ಟಿತ್ತು. ಕೊನೆಗೆ ಕಾಪಾಡಿದ್ದು ಕಪಾಟಿನಲ್ಲಿದ್ದ ಟೇಪು! ಯಾವ ತಂತಿಗೂ ಸಿಕ್ಕಿಸದೆ ಇಟ್ಟಿದ್ದರಿಂದ ಅದಕ್ಕೆ ಏನೂ ಆಗಿರಲಿಲ್ಲ.

ಎರಡನೆಯದು 2020ರ ಡಿಸೆಂಬರ್. 14ರಂದು ಗೂಗಲ್‌ನ ಲಾಗಿನ್ ವ್ಯವಸ್ಥೆಯೇ ಮುಕ್ಕಾಲು ಗಂಟೆ ಕುಸಿದು ಜಗತ್ತೆಲ್ಲ ಗುಲ್ಲಾಯಿತು. ಅದು ದೊಡ್ಡ ಸುದ್ದಿ, ಚಿಕ್ಕ ನಷ್ಟ. ಮರುದಿನ ಆದದ್ದು ಚಿಕ್ಕ ಸುದ್ದಿ, ಆದರೆ ಹೆಚ್ಚು ಕೆಟ್ಟದ್ದು. ಹಳೆಯ ಸೆಟ್ಟಿಂಗ್ ವ್ಯವಸ್ಥೆಯಿಂದ ಹೊಸದಕ್ಕೆ ಹೋಗುವಾಗ ಜಿಮೇಲ್‌ನ ಬಾಗಿಲು ಕಾಯುವ ಸರ್ವರುಗಳಿಗೆ ತಮ್ಮ ಡೊಮೇನ್ ಹೆಸರೇ ತಪ್ಪಾಗಿ ಸಿಕ್ಕಿತು. ಸರಿಯಾದ ವಿಳಾಸಕ್ಕೆ ಬಂದ ಪತ್ರಕ್ಕೂ ಅವು 550 ಎಂದವು: ಅಂಥವರು ಇಲ್ಲಿಲ್ಲ. ಬೀಗ ಹಾಕಿದ್ದ ಮನೆಯಾದರೆ ಅಂಚೆಯವನು ನಾಳೆ ಬರುತ್ತಿದ್ದ. ಮನೆಯಲ್ಲಿ ಕೂತೇ 'ಅವರು ತೀರಿಕೊಂಡರು' ಎಂದು ಕಳಿಸಿದರೆ ಏನು ಮಾಡಿಯಾನು? ಐದು ದಿನದ ತಾಳ್ಮೆ ಆ ಕ್ಷಣಕ್ಕೆ ಮುಗಿಯಿತು. ವಾಪಸ್ ಬಂದ ವಿಳಾಸಗಳನ್ನು ಎಷ್ಟೋ ಕಡೆ ಯಂತ್ರಗಳು ಪಟ್ಟಿಯಿಂದಲೇ ಹೊಡೆದುಹಾಕಿದವು.

ಇದನ್ನೆಲ್ಲ ತಿಳಿದ ಮೇಲೆ ಹೋಸ್ಟಿಂಗ್ ಜಾಹೀರಾತುಗಳನ್ನು ಓದುವ ನನ್ನ ಬಗೆ ಬದಲಾಯಿತು. ಶೇಕಡಾ 99.9 ಕಾಲ ನಡೆಯುತ್ತದೆ ಎಂದರೆ ವರ್ಷಕ್ಕೆ ಎಂಟು ಮುಕ್ಕಾಲು ಗಂಟೆ ನಿಂತರೂ ಅವರ ಮಾತು ಉಳಿದಂತೆಯೇ. ನಿಲ್ಲಲಿ ಬಿಡಿ, ಎಂಟು ಗಂಟೆ ಪತ್ರಗಳು ಕಾಯುತ್ತವೆ. ಬಂದ ಪತ್ರವನ್ನು ಅವರು ಬೇರೆ ಎಲ್ಲಿ ಪ್ರತಿ ಇಡುತ್ತಾರೆ, ಕೆಟ್ಟಾಗ ಯಾವ ಅಂಕಿ ಹೇಳುತ್ತಾರೆ, ಭಾನುವಾರ ಮನುಷ್ಯರು ಫೋನ್ ಎತ್ತುತ್ತಾರೆಯೇ, ಇಷ್ಟು ನನಗೆ ಮುಖ್ಯ. 2022ರ ಡಿಸೆಂಬರ್ 2ರಂದು ಅಮೆರಿಕದ ರ್‍ಯಾಕ್‌ಸ್ಪೇಸ್ ಕಂಪನಿಯ ಎಕ್ಸ್‌ಚೇಂಜ್ ಮೇಲ್ ಸೇವೆಗೆ ಒತ್ತೆಹಣದ ದಾಳಿ ಬಡಿಯಿತು. ಸುಮಾರು 30,000 ಗಿರಾಕಿಗಳು. ಆ ಸೇವೆಯನ್ನು ಮತ್ತೆ ಕಟ್ಟುವುದೇ ಇಲ್ಲವೆಂದು ಕಂಪನಿ ತೀರ್ಮಾನಿಸಿ, ಗಿರಾಕಿಗಳನ್ನು ಮೈಕ್ರೋಸಾಫ್ಟ್ 365ಕ್ಕೆ ಸಾಗಹಾಕಿತು. ಸ್ವಂತ ಡೊಮೇನ್ ಇದ್ದವರು ಎಮ್‌ಎಕ್ಸ್ ಸಾಲು ತಿದ್ದಿ ಹೊಸ ಪತ್ರಗಳನ್ನಾದರೂ ಪಡೆದುಕೊಳ್ಳಬಹುದಿತ್ತು. ಹಳೆಯ ಪತ್ರಗಳ ಪ್ರತಿ ಬೇರೆಲ್ಲೂ ಇಡದವರು ವಾರಗಟ್ಟಲೆ ಕಾದರು.

ನಮ್ಮದೂ ಮನೆ ಬದಲಾಯಿಸುವುದೆಂದಾಯಿತು. ಸಾಲು ತಿದ್ದಲು ಹೋದರೆ ಇನ್ನೊಂದು ಫಜೀತಿ. ಡೊಮೇನ್ ಕೊಂಡಿದ್ದು ಎಂಟು ವರ್ಷದ ಹಿಂದೆ ನಮ್ಮಲ್ಲಿದ್ದ ಡಿಟಿಪಿ ಹುಡುಗ. ಅವನು ಕೆಲಸ ಬಿಟ್ಟು ಹೈದರಾಬಾದಿಗೆ ಹೋಗಿ ಎರಡು ವರ್ಷವಾಗಿತ್ತು, ನವೀಕರಣದ ಜ್ಞಾಪನೆಗಳೆಲ್ಲ ಅವನ ಹಳೆಯ ವಿಳಾಸಕ್ಕೆ ಹೋಗುತ್ತಿದ್ದವು. ಆ ವಿಳಾಸ ಇದ್ದದ್ದೋ ನಮ್ಮದೇ ಸರ್ವರಿನಲ್ಲಿ. ಗಡುವಿಗೆ ಹತ್ತೊಂಬತ್ತು ದಿನ ಉಳಿದಿತ್ತು. ತಪ್ಪಿದ್ದರೆ ಸರದಿಯೂ ಇಲ್ಲ, ತಾಳ್ಮೆಯೂ ಇಲ್ಲ: ಹೆಸರೇ ಇಲ್ಲದವರಿಗೆ ಯಾವ ಯಂತ್ರವೂ ಕಾಯುವುದಿಲ್ಲ. 'ಅಣ್ಣಾ, ನಾನು ಬಿಡುವಾಗ ಹೇಳಿದ್ದೆ' ಎಂದ ಹುಡುಗ. ಹೇಳಿದ್ದನೋ ಏನೋ. ಈಗ ಡೊಮೇನ್ ಒಂದು ಕಂಪನಿಯಲ್ಲಿ, ಮೇಲ್ ಇನ್ನೊಂದರಲ್ಲಿ, ನವೀಕರಣದ ಜ್ಞಾಪನೆ ಇವೆರಡಕ್ಕೂ ಸೇರದ ಮೂರನೇ ವಿಳಾಸಕ್ಕೆ. ಹಳೆಯ ಪತ್ರಗಳೆಲ್ಲ ತಿಂಗಳಿಗೊಮ್ಮೆ ಕಚೇರಿಯ ಹಾರ್ಡ್‌ಡಿಸ್ಕಿಗೆ ಇಳಿಯುತ್ತವೆ. ಇಳಿಸಿದ ಮೇಲೆ ಅದರ ತಂತಿ ಕಳಚಿ ಬೀರುವಿನಲ್ಲಿಡುತ್ತೇವೆ.

ಎರಡನೇ ಸರ್ವರೊಂದನ್ನು ಬದಲಿಗೆ ನಿಲ್ಲಿಸಿ ಎಂದು ಕೆಲವರು ಸಲಹೆ ಕೊಟ್ಟರು. ಒಂದು ಕಾಲದಲ್ಲಿ ಅದು ಜಾಣತನವಾಗಿತ್ತು. ಕಳಿಸುವವರೇ ಕಾಯುವಾಗ ನಮ್ಮಂಥ ಚಿಕ್ಕವರಿಗೆ ಅದು ಬೇಕಿಲ್ಲ, ಕಾವಲಿಲ್ಲದ ಹಿತ್ತಿಲ ಬಾಗಿಲೆಂದು ಸ್ಪ್ಯಾಮ್‌ನವರು ನುಗ್ಗುವುದೂ ಅಲ್ಲಿಂದಲೇ. ಸಾಲು ತಿದ್ದುವ ಮುಂಚೆ ಹೊಸ ಮನೆಯಲ್ಲಿ ಎಲ್ಲರ ಪೆಟ್ಟಿಗೆಯನ್ನೂ ತಪ್ಪದೆ ತೆರೆದೆವು, ಇಲ್ಲದಿದ್ದರೆ ಹೊಸಬನೇ 550 ಹೇಳಿಬಿಡುತ್ತಾನೆ. ಹಳೆಯ ಪೆಟ್ಟಿಗೆಗಳನ್ನು ಒಂದು ವಾರ ಹಾಗೇ ಬಿಟ್ಟೆವು.

ಹೊಸ ಹೋಸ್ಟ್‌ಗೆ ಒಂದು ಅಭ್ಯಾಸವಿದೆ. ಗ್ರೇಲಿಸ್ಟಿಂಗ್ ಅಂತ, 2003ರ ಉಪಾಯ. ಅಪರಿಚಿತ ಸರ್ವರು ಮೊದಲ ಸಲ ಪತ್ರ ತಂದರೆ ಬೇಕೆಂದೇ 451 ಎನ್ನುತ್ತದೆ: ಆಮೇಲೆ ಬಾ. ಅವಸರದಲ್ಲಿರುವ ಸ್ಪ್ಯಾಮ್ ಯಂತ್ರಗಳು ತಿರುಗಿ ಬರುವುದು ಕಡಿಮೆ, ನಿಯಮ ಬಲ್ಲ ಸರ್ವರು ಕಾದು ಬರುತ್ತದೆ. ಮೇಷ್ಟ್ರ ವಿಶ್ವವಿದ್ಯಾಲಯದ್ದೂ ಕಾದು ಬಂತು, ಹದಿನೈದು ನಿಮಿಷ ತಡವಾಗಿ. ಪತ್ರ ಬರುವ ಮೊದಲೇ ಫೋನ್ ಬಂದಿತ್ತು.

'ಬಂತೇನಯ್ಯಾ? ಇಲ್ಲಾಂದ್ರೆ ಇನ್ನೊಂದು ಸಲ ಕಳಿಸ್ತೀನಿ.'