ಪೋಲೀಸು ಸುಧಾರಣೆಯೂ ಪ್ರಜೆಗಳ ನಿರ್ಭಯತೆಯೂ

ಠಾಣೆಯ ಮೆಟ್ಟಿಲನ್ನು ಹತ್ತುವಾಗ ಕಳ್ಳನಿಗಿಂತಲೂ ಕಳವಿಗೀಡಾದವನೇ ಹೆಚ್ಚು ನಡುಗುವನೆಂಬುದು ಯಾವ ರಾಜ್ಯಕ್ಕೂ ಭೂಷಣವಲ್ಲ. 1857ರ ದಂಗೆಯ ತರುವಾಯ ಪರಕೀಯರು 1861ರಲ್ಲಿ ರಚಿಸಿದ ಪೋಲೀಸು ಶಾಸನವು ಪ್ರಜೆಗಳನ್ನು ಹದ್ದಿನಲ್ಲಿಡುವುದಕ್ಕಾಗಿ ಹುಟ್ಟಿದುದು. ಅವರು ತೆರಳಿದರು, ಆ ಮನೋಭಾವವು ತೆರಳಲಿಲ್ಲ.

ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2006ರಲ್ಲಿ ಏಳು ಆದೇಶಗಳನ್ನಿತ್ತಿತು. ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷಗಳ ಅವಧಿ, ತನಿಖೆಗೂ ಬಂದೋಬಸ್ತಿಗೂ ಬೇರೆ ಬೇರೆ ಸಿಬ್ಬಂದಿ, ಜಿಲ್ಲೆಗೊಂದು ದೂರು ಪ್ರಾಧಿಕಾರ, ಇವು ಅವುಗಳಲ್ಲಿ ಮುಖ್ಯವಾದುವು. ಕರ್ನಾಟಕವು ತನ್ನ 1963ರ ಶಾಸನವನ್ನು 2012ರಲ್ಲಿ ತಿದ್ದಿತು. ಆದರೆ ಗೆಜೆಟ್ಟಿನಲ್ಲಿ ಅಚ್ಚಾದ ಮಾತ್ರಕ್ಕೆ ನ್ಯಾಯವು ಬಡವನ ಬಾಗಿಲಿಗೆ ಬಾರದು. ವರ್ಗಾವರ್ಗಿಗೆ ಅಂಜುವ ಅಧಿಕಾರಿಯು ನಿಷ್ಪಕ್ಷಪಾತವಾಗಿ ನಡೆಯುವುದೆಂತು? ಇರುಳೆಲ್ಲ ಬಂದೋಬಸ್ತಿನಲ್ಲಿ ನಿಂತವನು ಹಗಲಿನಲ್ಲಿ ತನಿಖೆಯನ್ನು ಸಾಗಿಸುವುದೆಂತು?

ಜಿಲ್ಲೆಯ ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ದೂರು ಪ್ರಾಧಿಕಾರದ ವಿಳಾಸವನ್ನು ಪ್ರತಿ ಠಾಣೆಯ ಬಾಗಿಲಲ್ಲಿ ಕನ್ನಡದಲ್ಲಿ ಬರೆಯಿಸಿರಿ, 2020ರ ತೀರ್ಪಿನಂತೆ ಲಾಕಪ್ಪಿನ ಕ್ಯಾಮೆರಾಗಳು ನಡೆಯುತ್ತಿವೆಯೇ ಎಂದು ಕಣ್ಣಾರೆ ನೋಡಿರಿ, ಪುರಸಭೆಯವರೊಡನೆ ಕೂಡಿ ಕತ್ತಲೆಯ ಬೀದಿಗಳಿಗೆ ದೀಪಗಳನ್ನು ಹಾಕಿಸಿರಿ. ಬಂಧಿತರ ಸಂಖ್ಯೆಯಿಂದ ಊರಿನ ಭದ್ರತೆಯನ್ನು ಅಳೆಯಲಾಗದು. ಮುದುಕಿಯೊಬ್ಬಳು ಯಾರ ಶಿಫಾರಸೂ ಇಲ್ಲದೆ ಠಾಣೆಗೆ ಹೋಗಿ, ದೂರನ್ನು ಬರೆಯಿಸಿ, ನಕಲನ್ನು ಕೈಯಲ್ಲಿ ಹಿಡಿದು ಮರಳುವ ದಿನವೇ ಊರು ಸುರಕ್ಷಿತವೆಂದು ನಾವು ಒಪ್ಪುವೆವು.