ಬೂದಿಗುಡ್ಡದ ದನಗಾಹಿಗಳು

ಗೋಮಯವನ್ನು ಸುಟ್ಟು, ಸೋಸಿ, ವಿಭೂತಿಯ ಗಟ್ಟಿ ಮಾಡುವ ಕ್ರಮವನ್ನು ನಮ್ಮ ಮನೆತನಗಳ ಹಿರಿಯರು ಬಲ್ಲರು. ಅದೇ ಗೋಮಯವು ಬೆಂದು ಗುಡ್ಡವಾಗಿ ನಿಂತ ನೆಲೆಗಳು ಬಳ್ಳಾರಿ, ರಾಯಚೂರು, ಯಾದಗಿರಿ ಸೀಮೆಗಳಲ್ಲಿವೆಯೆಂಬುದನ್ನು ಬಲ್ಲವರು ಮಾತ್ರ ವಿರಳ.

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯ ಕುಡತಿನಿಯಲ್ಲಿ ಇಂತಹ ಬೂದಿಗುಡ್ಡವೊಂದಿದೆ. ಇವು ರಕ್ಕಸರು ಬೆಂದ ಬೂದಿಯೆಂದು ಹಳಬರ ನಂಬಿಕೆ. ಹಂಪೆಯ ಸಮೀಪದ ನಿಂಬಾಪುರದ ದಿಬ್ಬವಂತೂ ವಾಲಿಯ ಚಿತಾಭಸ್ಮವೆಂದೇ ಪ್ರಸಿದ್ಧ. ಈ ಊಹೆಯನ್ನು ನಾವು ಹಾಸ್ಯ ಮಾಡಲಾರೆವು. ಅಷ್ಟೊಂದು ಬೂದಿಯನ್ನು ಕಂಡವರಿಗೆ ಚಿತೆಯಲ್ಲದೆ ಬೇರೇನು ತೋಚೀತು?

ಹತ್ತೊಂಬತ್ತನೆಯ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಇದು ಸಗಣಿಯ ಬೂದಿಯೆಂದು ತರ್ಕಿಸಿದನು. 1957ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಇಂದಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ಆ ಮಾತು ನಿಜವಾಯಿತು. ಅಲ್ಲಿ ದೊಡ್ಡಿಯ ಸುತ್ತ ನೆಟ್ಟಿದ್ದ ಮರದ ಕಂಬಗಳ ಕುಳಿಗಳು ಸಿಕ್ಕವು. ಬೂದಿಯ ಪದರದಲ್ಲಿ ದನಗಳ ಗೊರಸಿನ ಅಚ್ಚುಗಳೂ ಉಳಿದಿದ್ದವು! ಕಬ್ಬಿಣವನ್ನರಿಯದ, ಕಲ್ಲಿನ ಕೊಡಲಿಯ ಜನರು ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಇಲ್ಲಿ ದನ ಕೂಡುತ್ತಿದ್ದರು. ರಾಶಿಬಿದ್ದ ಸಗಣಿಗೆ ಮತ್ತೆ ಮತ್ತೆ ಬೆಂಕಿಯಿಡುತ್ತಿದ್ದರು. ಕೆಲವೆಡೆ ಉರಿಯ ಕಾವಿಗೆ ಬೂದಿಯೇ ಕರಗಿ ಕಿಟ್ಟದಂತೆ ಗಟ್ಟಿಯಾಗಿದೆ.

ಬೆಂಕಿಯಿಟ್ಟುದೇಕೆ? ಸಂಕ್ರಾಂತಿಯಲ್ಲಿ ದನಗಳನ್ನು ಕಿಚ್ಚು ಹಾಯಿಸುವಂತಹ ಆಚರಣೆಗಳೊಡನೆ ಆಲ್ಚಿನ್ನರು ಇದನ್ನು ಹೋಲಿಸಿದರು. ಹೋಲಿಕೆ ಸೊಗಸಾಗಿದೆ. ಆದರೆ ಇದನ್ನೇ ಹಿಡಿದು ನಮ್ಮ ಅಷ್ಟಾವರಣದ ವಿಭೂತಿಗೆ ಅಲ್ಲಿ ಬೇರು ಹುಡುಕಹೊರಡುವುದು ಉಚಿತವಲ್ಲವೆಂದೇ ನಮ್ಮ ಅಭಿಪ್ರಾಯ.

ಸುರಪುರ ಸೀಮೆಯಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಹೊಲಹೊಲ ತಿರುಗಿ, ನೆಲದ ಮೇಲೆ ಬಿದ್ದ ಬೋಕಿಚೂರು, ಕಲ್ಲಿನ ಹತಾರಗಳನ್ನು ನೋಡಿಯೇ ಪ್ರಾಚೀನ ನೆಲೆಗಳನ್ನು ಗುರುತಿಸಿದರು. ಮುಂದೆ ಅವರು ಬೂದಿಹಾಳದಲ್ಲಿ ಅಗೆದಾಗ ದೊಡ್ಡಿಯ ಮಗ್ಗುಲಲ್ಲೇ ವಾಸದ ಮನೆಗಳ ನೆಲೆ ಕಂಡಿತು. ತೀರಿಕೊಂಡ ಕೂಸುಗಳನ್ನು ಮಡಕೆಗಳಲ್ಲಿಟ್ಟು ಹೂಳಿದ್ದರು. ಹಾಗಾಗಿ ಇದು ಬರಿಯ ದನದ ದೊಡ್ಡಿಯಲ್ಲ, ಸಂಸಾರವಂದಿಗರ ಊರು.

ದಕ್ಷಿಣದಲ್ಲಿ ಇಂತಹ ದಿಬ್ಬಗಳು ನೂರಕ್ಕೂ ಹೆಚ್ಚು ದಾಖಲಾಗಿವೆ. ಆದರೆ ಗೊಬ್ಬರಕ್ಕೆಂದು ಬೂದಿಯನ್ನು ಅಗೆದು ಹೊಲಗಳಿಗೆ ಸಾಗಿಸಿದುದರಿಂದ ಅನೇಕ ದಿಬ್ಬಗಳು ಕರಗಿಹೋದವು. ಒಂದು ಬಂಡಿ ಬೂದಿಯೊಡನೆ ಎಷ್ಟು ಗೊರಸಿನ ಅಚ್ಚುಗಳು ಹೋದವೋ! ಆ ಭಾಗದ ಓದುಗರು ತಮ್ಮ ಹೊಲದಲ್ಲಿ ಉಳುವಾಗ ನುಣುಪಾದ ಕೊಡಲಿಗಲ್ಲು ದೊರೆತರೆ, ಸಿಕ್ಕ ಸ್ಥಳವನ್ನು ಗುರುತಿಟ್ಟು ಪುರಾತತ್ವ ಇಲಾಖೆಗೆ ತಿಳಿಸಬೇಕೆಂದು ಕೋರುತ್ತೇವೆ.