ಹ್ಯಾಂಡ್‌ಬಾಲ್ ವೃತ್ತಿಯಾದಾಗ: ಕ್ರಿಸ್ಟಿನಾ ನೆಯಾಗು ಅವರ ಕ್ರೀಡಾಜೀವನ

ಹ್ಯಾಂಡ್‌ಬಾಲ್ ನಮ್ಮ ದೇಶದ ಶಾಲಾ ಕಾಲೇಜುಗಳಿಗೆ ಅಪರಿಚಿತವಾದ ಆಟವಲ್ಲ. ಆದರೆ ಅದನ್ನೇ ವೃತ್ತಿಯಾಗಿ ಸ್ವೀಕರಿಸಿ, ಅದರ ಸಂಪಾದನೆಯಿಂದಲೇ ಜೀವನ ನಡೆಸುವ ಮಹಿಳೆಯರು ಯೂರೋಪಿನಲ್ಲಿ ಇದ್ದಾರೆಂಬ ಸಂಗತಿ ಇಲ್ಲಿ ಅಷ್ಟಾಗಿ ತಿಳಿದಿಲ್ಲ. ನಮ್ಮಲ್ಲಿ ಹಲವು ಕ್ರೀಡೆಗಳ ಆಟಗಾರ್ತಿಯರಿಗೆ ರೈಲ್ವೆ, ಪೊಲೀಸ್ ಮುಂತಾದ ಇಲಾಖೆಗಳ ನೌಕರಿಯೇ ಆಧಾರ. ಗಾಯಗೊಂಡರೂ ನೌಕರಿ ಉಳಿಯುತ್ತದೆ. ಯೂರೋಪಿನ ವೃತ್ತಿಪರ ಆಟಗಾರ್ತಿಯು ಕ್ಲಬ್ ಒಂದರೊಡನೆ ನಿಯತ ಅವಧಿಯ ಒಪ್ಪಂದ ಮಾಡಿಕೊಳ್ಳುತ್ತಾಳೆ. ಆಕೆಯ ಭವಿಷ್ಯ ತನ್ನ ಶರೀರ ಮತ್ತು ಕ್ಲಬ್ಬಿನ ಖಜಾನೆ, ಇವೆರಡನ್ನೂ ಅವಲಂಬಿಸಿರುತ್ತದೆ. ಈ ಎರಡೂ ಕೈಕೊಟ್ಟಾಗ ಏನಾಗುತ್ತದೆಂಬುದಕ್ಕೆ ರುಮೇನಿಯದ ಕ್ರಿಸ್ಟಿನಾ ನೆಯಾಗು ಅವರ ಕ್ರೀಡಾಜೀವನ ಉತ್ತಮ ನಿದರ್ಶನವಾಗಿದೆ.

ನೆಯಾಗು 1988ರ ಆಗಸ್ಟ್ 26ರಂದು ಬುಖಾರೆಸ್ಟ್ ನಗರದಲ್ಲಿ ಜನಿಸಿದರು. ರುಮೇನಿಯದಲ್ಲಿ ಮಹಿಳಾ ಹ್ಯಾಂಡ್‌ಬಾಲ್‌ಗೆ ಹಳೆಯ ಪರಂಪರೆಯಿದೆ. 1962ರಲ್ಲಿಯೇ ಆ ದೇಶದ ವನಿತೆಯರು ವಿಶ್ವ ಚಾಂಪಿಯನ್ ಪದವಿ ಪಡೆದಿದ್ದರು. ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಈ ಆಟದ ಪ್ರವೇಶ ದೊರೆತದ್ದು ತದನಂತರ, 1976ರ ಮಾಂಟ್ರಿಯಲ್ ಕ್ರೀಡಾಕೂಟದಲ್ಲಿ.

ಅವರು ಆಡುತ್ತಿದ್ದ ಸ್ಥಾನ 'ಲೆಫ್ಟ್ ಬ್ಯಾಕ್'. 40 ಮೀಟರ್ ಉದ್ದ, 20 ಮೀಟರ್ ಅಗಲದ ಅಂಕಣದಲ್ಲಿ ಗೋಲಿನಿಂದ 6 ಮೀಟರ್ ದೂರದಲ್ಲಿ ಒಂದು ರೇಖೆಯಿರುತ್ತದೆ. ಅದರ ಒಳಗೆ ನೆಲ ಮೆಟ್ಟುವ ಅಧಿಕಾರ ಗೋಲ್‌ರಕ್ಷಕಿಗೆ ಮಾತ್ರ. ಎದುರಾಳಿಗಳು ಆ ರೇಖೆಯ ಮುಂದೆ ಗೋಡೆಯಂತೆ ನಿಲ್ಲುತ್ತಾರೆ. ಚೆಂಡನ್ನು ಹಿಡಿದು ಮೂರು ಹೆಜ್ಜೆಗಿಂತ ಹೆಚ್ಚು ಇಡುವಂತಿಲ್ಲ, ಮೂರು ಸೆಕೆಂಡಿಗಿಂತ ಹೆಚ್ಚು ಇರಿಸಿಕೊಳ್ಳುವಂತಿಲ್ಲ. ಆದುದರಿಂದ ಬ್ಯಾಕ್ ಆಟಗಾರ್ತಿಯು ದೂರದಿಂದಲೇ ಮೇಲಕ್ಕೆ ನೆಗೆದು, ರಕ್ಷಣಾ ಪಂಕ್ತಿಯ ತಲೆಯ ಮೇಲಿಂದ ಚೆಂಡನ್ನು ಬಲವಾಗಿ ಎಸೆಯಬೇಕಾಗುತ್ತದೆ. ಗಾಳಿಯಲ್ಲಿರುವಾಗಲೇ ಎದುರಾಳಿಯ ಮೈ ತಾಗುವುದೂ ಉಂಟು. ಇಷ್ಟೆಲ್ಲದರ ಭಾರ ಬೀಳುವುದು ಎಸೆಯುವ ಭುಜದ ಮೇಲೆ ಹಾಗೂ ನೆಲಕ್ಕಿಳಿಯುವ ಮೊಣಕಾಲಿನ ಮೇಲೆ.

ಬ್ರಷೋವ್ ನಗರದ ರುಲ್ಮೆಂತುಲ್ ಕ್ಲಬ್ಬಿನಲ್ಲಿ ಆಡಿದ ಬಳಿಕ ನೆಯಾಗು 2009ರಲ್ಲಿ ಓಲ್ಟ್‌ಕಿಮ್ ಕ್ಲಬ್ಬನ್ನು ಸೇರಿದರು. 2010ರಲ್ಲಿ ಆ ತಂಡ ಚಾಂಪಿಯನ್ಸ್ ಲೀಗ್‌ನ ಅಂತಿಮ ಪಂದ್ಯ ತಲುಪಿ, ಡೆನ್ಮಾರ್ಕಿನ ವಿಬೋರ್ಗ್ ತಂಡಕ್ಕೆ ಸೋತಿತು. ಅದೇ ವರ್ಷದ ಯೂರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ ರುಮೇನಿಯಕ್ಕೆ ಕಂಚು ಲಭಿಸಿತು. 2010ರ ವಿಶ್ವದ ಶ್ರೇಷ್ಠ ಆಟಗಾರ್ತಿ ಎಂಬ ಗೌರವ ನೆಯಾಗು ಅವರಿಗೆ ಸಂದಿತು. ಆಗ ಅವರಿಗೆ 22 ವರ್ಷ.

ಮುಂದಿನದು ಕಷ್ಟದ ಕಾಲ. ಭುಜದ ಗಾಯ ಅವರನ್ನು ಬಹುಕಾಲ ಅಂಕಣದಿಂದ ಹೊರಗಿರಿಸಿತು. ಅಷ್ಟರಲ್ಲಿ ಕ್ಲಬ್ಬಿನ ಬೆನ್ನೆಲುಬಾಗಿದ್ದ ಓಲ್ಟ್‌ಕಿಮ್ ರಾಸಾಯನಿಕ ಕಾರ್ಖಾನೆಯೇ ಸಾಲದಲ್ಲಿ ಮುಳುಗಿತು. 2013ರಲ್ಲಿ ತಂಡ ಚದುರಿಹೋಯಿತು. ಕಾರ್ಖಾನೆಯ ಲೆಕ್ಕಪತ್ರಕ್ಕೂ ಆಟಗಾರ್ತಿಯ ಎಸೆತಕ್ಕೂ ಏನು ಸಂಬಂಧವೆಂದು ಯಾರಿಗಾದರೂ ಅನ್ನಿಸಬಹುದು. ವೃತ್ತಿಪರ ಕ್ರೀಡೆಯಲ್ಲಿ ಸಂಬಂಧ ಅತಿ ನಿಕಟವಾದುದು.

ನೆಯಾಗು ದೇಶ ಬಿಟ್ಟು ಮಾಂಟೆನೆಗ್ರೋದ ಬುದುಚ್ನೋಸ್ತ್ ಕ್ಲಬ್ಬನ್ನು ಸೇರಿದರು. ಆ ತಂಡ 2014ರ ಅಂತಿಮ ಪಂದ್ಯದಲ್ಲಿ ಹಂಗೇರಿಯ ಗ್ಯೋರ್ ತಂಡಕ್ಕೆ ಸೋತರೂ, 2015ರಲ್ಲಿ ನಾರ್ವೆಯ ಲಾರ್ವಿಕ್ ತಂಡವನ್ನು 26-22ರಿಂದ ಮಣಿಸಿ ಚಾಂಪಿಯನ್ಸ್ ಲೀಗ್ ಗೆದ್ದಿತು. ಅದೇ ವರ್ಷ ಡೆನ್ಮಾರ್ಕಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ರುಮೇನಿಯ ಕಂಚು ಪಡೆಯಿತು. ಪಂದ್ಯಾವಳಿಯ ಶ್ರೇಷ್ಠ ಆಟಗಾರ್ತಿ ನೆಯಾಗು ಅವರೇ. ವಿಶ್ವಶ್ರೇಷ್ಠ ಗೌರವ 2015ರಲ್ಲಿ ಎರಡನೆಯ ಬಾರಿ, 2016ರಲ್ಲಿ ಮೂರನೆಯ ಬಾರಿ ಅವರಿಗೆ ದೊರೆಯಿತು. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವಣ ಐದು ವರ್ಷಗಳಲ್ಲಿ ಏನೇನು ಕಳೆಯಿತೆಂಬುದನ್ನು ದಾಖಲೆಯ ಪಟ್ಟಿ ಹೇಳುವುದಿಲ್ಲ.

2017ರಲ್ಲಿ ಅವರು ತಾಯ್ನಾಡಿಗೆ ಹಿಂದಿರುಗಿ ಬುಖಾರೆಸ್ಟಿನ ಸಿ.ಎಸ್.ಎಂ. ಕ್ಲಬ್ಬನ್ನು ಸೇರಿದರು. ಇದು ಕಾರ್ಖಾನೆಯದಲ್ಲ, ನಗರದ ಪೌರಾಡಳಿತದ ಕ್ಲಬ್. 2018ರ ಡಿಸೆಂಬರಿನಲ್ಲಿ ಫ್ರಾನ್ಸ್‌ನಲ್ಲಿ ಯೂರೋಪಿಯನ್ ಚಾಂಪಿಯನ್‌ಶಿಪ್ ನಡೆದಾಗ, ಹಂಗೇರಿಯ ವಿರುದ್ಧದ ಪಂದ್ಯದಲ್ಲಿ ಅವರ ಮೊಣಕಾಲಿನ ಅಸ್ಥಿರಜ್ಜು ಹರಿಯಿತು. ಅವರಿಲ್ಲದ ರುಮೇನಿಯ ನಾಲ್ಕನೆಯ ಸ್ಥಾನಕ್ಕೆ ತೃಪ್ತಿಪಡಬೇಕಾಯಿತು. ಆದರೂ 2018ರ ವಿಶ್ವಶ್ರೇಷ್ಠ ಆಟಗಾರ್ತಿ ಅವರೇ ಆದರು. ಪುರುಷರಲ್ಲಾಗಲಿ ಮಹಿಳೆಯರಲ್ಲಾಗಲಿ ಅದಕ್ಕೆ ಮೊದಲು ಯಾರೂ ನಾಲ್ಕು ಬಾರಿ ಆ ಗೌರವ ಪಡೆದಿರಲಿಲ್ಲ.

30 ವರ್ಷ ದಾಟಿದವರಿಗೆ ಇಂತಹ ಗಾಯದ ಬಳಿಕ ಮರಳುವುದು ಸುಲಭವಲ್ಲ. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಕಾಲಿನ ಸ್ನಾಯುಗಳಿಗೆ ಬಲ ತುಂಬುವುದು, ಮತ್ತೆ ಓಡಲು, ನೆಗೆಯಲು ಕಲಿಯುವುದು, ಇದೆಲ್ಲಕ್ಕೆ ಹಲವು ತಿಂಗಳುಗಳೇ ಬೇಕು. ನೆಯಾಗು ಮರಳಿದರು. ಚಾಂಪಿಯನ್ಸ್ ಲೀಗ್‌ನಲ್ಲಿ ಅವರ ಗೋಲುಗಳ ಸಂಖ್ಯೆ ಸಾವಿರವನ್ನು ಮೀರಿತು. 2008ರ ಬೀಜಿಂಗ್, 2016ರ ರಿಯೊ ಒಲಿಂಪಿಕ್ಸ್‌ಗಳಲ್ಲಿ ಆಡಿದ್ದರೂ ಪದಕ ಮಾತ್ರ ಅವರಿಗೆ ಒಲಿಯಲಿಲ್ಲ. 2024ರಲ್ಲಿ, ತಾವು ಹುಟ್ಟಿದ ನಗರದ ಕ್ಲಬ್ಬಿನ ಆಟಗಾರ್ತಿಯಾಗಿಯೇ, ಅವರು ಕ್ರೀಡೆಯಿಂದ ನಿವೃತ್ತರಾದರು.